ಮತ್ತೆ ಒಂದನೇ ತರಗತಿಗೆ

(ಗಣಕ ವಿಜ್ಞಾನದ ಪರಿಚಯ ಕೋರ್ಸಿಗೆ ಹೊಸದಾಗಿ ಸೇರಿದವರ ಮುಂದೆ, ಅದನ್ನು ಹಿಂದಿನ ಸೆಮಿಸ್ಟರ್‌ನಲ್ಲಿ ಮುಗಿಸಿದವಳಾಗಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅಂದು ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ತಂಡದಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವರು ಬಹಳ ಮಂದಿ ಇದ್ದಾರೆ. ಅವರನ್ನು ಬಿಟ್ಟು ನನ್ನನ್ನೇಕೆ ಕರೆದಿರಿ ಎಂದು ಮೇಡಂ ಅವರನ್ನು ಕೇಳಿದೆ. "ನಿನ್ನ ತಪ್ಪುಗಳು ಚೆನ್ನಾಗಿದ್ದವು" ಎಂದರು. ಅದು ಹೊಗಳಿಕೆಯೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಆದರೆ ಇವತ್ತು ನಾನು ಹೇಳಬೇಕಾದದ್ದು ಏನೆಂಬುದು ಆ ಮಾತಿನಿಂದ ಸ್ಪಷ್ಟವಾಯಿತು.

ನಾನು ಕನ್ನಡ ಸಾಹಿತ್ಯದ ವಿದ್ಯಾರ್ಥಿನಿ. ಈ ಕೋರ್ಸನ್ನು ಆರಿಸಿಕೊಂಡದ್ದರ ಹಿಂದೆ ದೊಡ್ಡ ಆದರ್ಶವೇನೂ ಇರಲಿಲ್ಲ. ಬೇಕಾಗಿದ್ದ ಇನ್ನೊಂದು ಆಯ್ಕೆಯ ಪಾಠ ವೇಳಾಪಟ್ಟಿಯಲ್ಲಿ ಬೇರೊಂದು ತರಗತಿಗೆ ಡಿಕ್ಕಿ ಹೊಡೆಯಿತು, ಉಳಿದದ್ದು ಇದು. ಸೇರುವಾಗ ಇದ್ದ ಭಯ ಒಂದೇ: ನನಗೆ ಗೊತ್ತಿಲ್ಲದ ಏನೇನೋ ಬರುತ್ತವೆ, ತಲೆಗೆ ಹತ್ತುವುದಿಲ್ಲ. ಹೊಸದು ಬಂತು, ಹತ್ತಿತು ಕೂಡ. ನಾನು ಎಡವಿ ಬಿದ್ದದ್ದೆಲ್ಲ ನನಗೆ ಚೆನ್ನಾಗಿ ಗೊತ್ತಿದ್ದ ಕಡೆಗಳಲ್ಲಿ. ಸಮ ಚಿಹ್ನೆ, ಒಂದು ಎರಡು ಎಣಿಸುವುದು, ಅಕ್ಷರ, ನಡು, ಹತ್ತನೇ ಒಂದು ಭಾಗ. ಒಂದನೇ ತರಗತಿಯಿಂದ ಐದನೇ ತರಗತಿಯೊಳಗೆ ಕಲಿತು ಮುಗಿಸಿದ್ದೇನೆ ಎಂದುಕೊಂಡಿದ್ದ ಸರಕುಗಳು ಇವು.

ಮೊದಲ ವಾರವೇ ಹಲಗೆಯ ಮೇಲೆ ಹೀಗೊಂದು ಸಾಲು ಬಂತು: ಎಣಿಕೆ = ಎಣಿಕೆ + 1. (ನಾವು ಕಲಿತ ಪ್ರೋಗ್ರಾಮಿಂಗ್ ಭಾಷೆ ಪೈಥಾನ್. ಅದರಲ್ಲಿ ಬೆಲೆಗಳನ್ನು ಇಟ್ಟುಕೊಳ್ಳುವ ವೇರಿಯಬಲ್‌ಗಳಿಗೆ ಕನ್ನಡದ ಹೆಸರನ್ನೂ ಇಡಬಹುದು ಎಂಬುದು ನನಗೆ ಸಿಕ್ಕ ಮೊದಲ ಸಂತೋಷ.) ನನ್ನ ಪಕ್ಕದವನು ಗಣಿತದ ವಿದ್ಯಾರ್ಥಿ. "ಇದು ಸುಳ್ಳು, ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಿರಲು ಸಾಧ್ಯವಿಲ್ಲ" ಎಂದು ಕೈ ಎತ್ತಿದ. ಅವನ ಮಾತು ಸರಿ. ರಾಬರ್ಟ್ ರೆಕಾರ್ಡ್ ಎಂಬಾತ 1557ರಲ್ಲಿ ಈ ಎರಡು ಗೆರೆಗಳ ಚಿಹ್ನೆಯನ್ನು ಬಳಕೆಗೆ ತಂದಾಗ ಅದಕ್ಕಿದ್ದ ಅರ್ಥ 'ಎರಡೂ ಕಡೆ ಒಂದೇ' ಎಂದು. ಪ್ರೋಗ್ರಾಂನಲ್ಲಿ ಅದು ಹೇಳಿಕೆಯಲ್ಲ, ಆಜ್ಞೆ: ಬಲಗಡೆಯದ್ದನ್ನು ಲೆಕ್ಕ ಹಾಕು, ಬಂದದ್ದಕ್ಕೆ ಎಡಗಡೆಯ ಹೆಸರು ಕೊಡು. ಇದು ಗೊಂದಲಕ್ಕೆ ದಾರಿ ಎಂದು ಆಲ್ಗಾಲ್‌ನಂಥ ಭಾಷೆಗಳಲ್ಲಿ ಅದರ ಎಡಕ್ಕೆ ಎರಡು ಚುಕ್ಕಿ ಸೇರಿಸಿ ಬೇರೆಯದೇ ಚಿಹ್ನೆ ಮಾಡಿದ್ದರು. ಪೈಥಾನ್ ಆ ಉಪಕಾರ ಮಾಡಿಲ್ಲ. 'ಸಮವೇ?' ಎಂದು ಕೇಳಬೇಕಾದರೆ ಚಿಹ್ನೆಯನ್ನು ಎರಡು ಸಲ ಬರೆಯಬೇಕು. ನೀವು ಎಲ್ಲಾದರೂ ಒಂದು ಸಲವೇ ಬರೆದು ಅರ್ಧ ಗಂಟೆ ಕಳೆದುಕೊಳ್ಳುತ್ತೀರಿ, ಎಲ್ಲರೂ ಕಳೆದುಕೊಂಡಿದ್ದಾರೆ.

ಎಣಿಕೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಪಟ್ಟಿಯ ಮೊದಲನೆಯದರ ಸಂಖ್ಯೆ ಸೊನ್ನೆ. ಒಂದರಿಂದ ಹತ್ತರವರೆಗೆ ಎಂದು ಬರೆದರೆ ಹತ್ತು ಸೇರುವುದಿಲ್ಲ. ಕಾರಣಗಳಿವೆ, ಮೇಡಂ ಹೇಳುತ್ತಾರೆ. ನಾನು ಹೇಳುವುದಿಷ್ಟೇ: 100 ಮೀಟರ್ ಉದ್ದದ ಬೇಲಿಗೆ 10 ಮೀಟರಿಗೊಂದು ಕಂಬ ಎಂದರೆ ಎಷ್ಟು ಕಂಬ ಬೇಕು ಎಂದು ಒಮ್ಮೆ ಎಣಿಸಿ ನೋಡಿ. ಹತ್ತು ಎಂದವರು, ಬನ್ನಿ, ನನ್ನ ಪಕ್ಕ ಕುಳಿತುಕೊಳ್ಳಿ.

ಇನ್ನು ಎರರ್ ಸಂದೇಶ. ಮೊದಮೊದಲು ಪರದೆಯ ಮೇಲೆ ಆ ಕೆಂಪು ಸಾಲುಗಳು ಸುರಿದಾಗಲೆಲ್ಲ ನನಗೆ ಯಾರೋ ಗದರಿಸಿದಂತೆ ಆಗುತ್ತಿತ್ತು. ಓದದೆಯೇ ಮುಚ್ಚಿಬಿಡುತ್ತಿದ್ದೆ. ಮೂರನೇ ವಾರ ಪ್ರಯೋಗಾಲಯದ ಸಹಾಯಕರೊಬ್ಬರು ನನ್ನ ಹಿಂದೆ ನಿಂತು, "ಅದು ನಿಮಗೆ ಬಂದ ಪತ್ರ, ಓದಿ. ಕೊನೆಯ ಸಾಲಿನಿಂದ ಶುರು ಮಾಡಿ" ಎಂದರು. ಕೊನೆಯ ಸಾಲಿನಲ್ಲಿ ಏನಾಯಿತು ಎಂದಿರುತ್ತದೆ, ಅದರ ಮೇಲಿನದರಲ್ಲಿ ಎಲ್ಲಿ ಆಯಿತು ಎಂದಿರುತ್ತದೆ. ಅಂದು ನನಗೆ ಬಂದಿದ್ದ ಪತ್ರದಲ್ಲಿ, ನೀನು ಹೇಳಿದ ಹೆಸರಿನದ್ದು ಇಲ್ಲಿ ಯಾವುದೂ ಇಲ್ಲ ಎಂದಿತ್ತು. ನೋಡಿದರೆ ಒಂದು ಕಡೆ 'ಪದಗಳು' ಎಂದು ಬರೆದಿದ್ದೆ, ಇನ್ನೊಂದು ಕಡೆ 'ಪದಗಳ'. ವಿಭಕ್ತಿ ಪ್ರತ್ಯಯ ಬದಲಾದರೂ ವಸ್ತು ಅದೇ ಎಂದು ನಂಬಿ ಬೆಳೆದವಳು ನಾನು. ಯಂತ್ರಕ್ಕೆ ವಿಭಕ್ತಿ ಬರುವುದಿಲ್ಲ.

ಎರರ್ ಬಂದರೆ ಪುಣ್ಯ ಎಂದು ತಿಳಿದದ್ದು ಆಮೇಲೆ. ಎರರ್ ಇಲ್ಲದೆ ತಪ್ಪು ಉತ್ತರ ಬರುವುದಿದೆಯಲ್ಲ, ನಿಜವಾದ ಪಾಡು ಅದು. ಅದಕ್ಕೇ ನನ್ನ ವಿಕಟಕವಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಐದನೇ ವಾರದ ಅಸೈನ್‌ಮೆಂಟ್: ಕೊಟ್ಟ ಪದವನ್ನು ಹಿಂದುಮುಂದಾಗಿ ಓದಿದರೂ ಒಂದೇ ಬರುತ್ತದೆಯೇ ಎಂದು ಹೇಳುವ ಪ್ರೋಗ್ರಾಂ ಬರೆಯಿರಿ. ಪೈಥಾನ್‌ನಲ್ಲಿ ಒಂದು ಸ್ಟ್ರಿಂಗನ್ನು (ಅಕ್ಷರಗಳ ಸಾಲನ್ನು) ತಿರುಗಿಸಲು ಅರ್ಧ ಸಾಲು ಸಾಕು. ತಿರುಗಿಸು, ಮೂಲದ ಜೊತೆ ಹೋಲಿಸು, ಮುಗಿಯಿತು. ಎಲ್ಲರೂ ಇಂಗ್ಲಿಷ್ ಪದಗಳನ್ನು ಕೊಟ್ಟು ನೋಡಿದರು. ನಾನು ಕನ್ನಡದವಳು ಎಂಬ ಠೇಂಕಾರದಿಂದ ಕನ್ನಡ ಪದಗಳನ್ನು ಕೊಟ್ಟೆ. ಮೊದಲು ತಿರುಗಿಸುವುದು ಸರಿಯಾಗಿದೆಯೇ ನೋಡೋಣ ಎಂದು 'ಕನ್ನಡ' ಎಂದೇ ಕೊಟ್ಟೆ. 'ಡನ್ನಕ' ಬಂತು. ಒತ್ತಕ್ಷರವೂ ಕೆಡಲಿಲ್ಲ. ಕನಕ, ನಯನ, ಸರಸ, ನಮನ ಎಲ್ಲಕ್ಕೂ 'ಹೌದು' ಎಂದಿತು. ಕೊನೆಗೆ, ಕಿರೀಟವಿರಲಿ ಎಂದು 'ವಿಕಟಕವಿ' ಕೊಟ್ಟೆ.

'ಅಲ್ಲ' ಎಂದಿತು.

ಅಕ್ಷರ ಅಕ್ಷರ ನೋಡಿ: ವಿ, ಕ, ಟ, ಕ, ವಿ. ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಭಾಷೆಯಲ್ಲಿ ಇದೆಯೇ? ತಿರುಗಿಸಿದ್ದನ್ನು ಪರದೆಯ ಮೇಲೆ ಮುದ್ರಿಸಿ ನೋಡಿದೆ. ಮೊದಲಿಗೆ ಒಂದು ಚುಕ್ಕಿ ಚುಕ್ಕಿಯ ವೃತ್ತ, ಅದರ ತಲೆಯ ಮೇಲೆ ಅನಾಥವಾಗಿ ಕುಳಿತ ಗುಡಿಸು. ಆಮೇಲೆ ವ, ಕ, ಟ, ಕಿ, ವ. ಗುಡಿಸು ತನ್ನ ವಕಾರವನ್ನು ಬಿಟ್ಟು ಪಕ್ಕದ ಕಕಾರವನ್ನು ಹಿಡಿದುಕೊಂಡಿತ್ತು. ಪದದ ಉದ್ದ ಎಷ್ಟು ಎಂದು ಕೇಳಿದೆ. ಐದು ಎನ್ನಬೇಕಾದದ್ದು ಏಳು ಎಂದಿತು.

ಆಗ ಗೊತ್ತಾದದ್ದು, ಯಂತ್ರದೊಳಗೆ 'ವಿ' ಎಂಬ ಅಕ್ಷರವೇ ಇಲ್ಲ. ಯೂನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಚಿಹ್ನೆಗಳಿಗೆ ಒಂದೊಂದು ಸಂಖ್ಯೆ ಕೊಡುವ ಪಟ್ಟಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಸಾಲು ಕೊಟ್ಟಿದ್ದಾರೆ. ಅದರಲ್ಲಿ ವ ಎಂಬುದಕ್ಕೆ 3253 ಎಂಬ ಸಂಖ್ಯೆ, ಗುಡಿಸಿಗೆ 3263 ಎಂಬ ಸಂಖ್ಯೆ. ಎರಡು ಸಂಖ್ಯೆಗಳು ಅಕ್ಕಪಕ್ಕ ಬಂದರೆ ಅಚ್ಚು ಮೂಡಿಸುವ ತಂತ್ರಾಂಶ ಅವನ್ನು ಸೇರಿಸಿ 'ವಿ' ಎಂದು ಬಿಡಿಸುತ್ತದೆ, ಅಷ್ಟೇ. ಒತ್ತಕ್ಷರವೂ ಹಾಗೆಯೇ. 'ನ್ನ' ಎಂದರೆ ನ, ಹಲಂತ ಚಿಹ್ನೆ, ಮತ್ತೊಂದು ನ. 'ಕನ್ನಡ' ಸರಿಯಾಗಿ ತಿರುಗಿದ್ದು ನನ್ನ ಪ್ರೋಗ್ರಾಂನ ಹೆಚ್ಚುಗಾರಿಕೆಯಿಂದಲ್ಲ. ನ, ಹಲಂತ, ನ ಎಂಬ ಮೂರು ತುಂಡುಗಳು ಹಿಂದಿನಿಂದ ಓದಿದರೂ ಹಾಗೆಯೇ ಇರುತ್ತವೆ, ಅದೃಷ್ಟಕ್ಕೆ. ಕನಕ, ನಯನಗಳಲ್ಲಿ ಗುಣಿತವೇ ಇಲ್ಲ. ನನ್ನ ಪ್ರೋಗ್ರಾಂ ಎಲ್ಲಿ ಸೋಲಬಹುದೋ ಆ ಪದಗಳನ್ನು ಬಿಟ್ಟು ಉಳಿದವನ್ನೆಲ್ಲ ಪರೀಕ್ಷೆ ಮಾಡಿ ಬೀಗಿದ್ದೆ.

ಆ ರಾತ್ರಿ ನಾನು ಕಾಗುಣಿತವನ್ನು ನಿಯಮಗಳಾಗಿ ಬರೆದೆ. ತುಂಡುಗಳನ್ನು ಒಂದೊಂದಾಗಿ ತೆಗೆದುಕೋ. ಬಂದದ್ದು ಸ್ವರಚಿಹ್ನೆಯಾದರೆ ಹೊಸ ಅಕ್ಷರ ಆರಂಭಿಸಬೇಡ, ಹಿಂದಿನದಕ್ಕೆ ಅಂಟಿಸು. ಅನುಸ್ವಾರ, ವಿಸರ್ಗ, ಹಲಂತ ಬಂದರೂ ಹಾಗೆಯೇ ಮಾಡು. ವ್ಯಂಜನ ಬಂದರೆ ಹಿಂದಿನ ಅಕ್ಷರದ ಕೊನೆಯಲ್ಲಿ ಹಲಂತವಿದೆಯೇ ನೋಡು. ಇದ್ದರೆ ಇದು ಒತ್ತು, ಅದಕ್ಕೇ ಅಂಟಿಸು. ಇಲ್ಲದಿದ್ದರೆ ಹೊಸ ಅಕ್ಷರ. ಬರೆದು ಮುಗಿಸಿದ ಮೇಲೆ ಅಕ್ಷರ ಎಂದರೇನು ಎಂಬ ಪ್ರಶ್ನೆಗೆ ನನ್ನ ಬಳಿ ಹದಿನಾಲ್ಕು ಸಾಲುಗಳ ಉತ್ತರವಿತ್ತು. ಎಷ್ಟೋ ವರ್ಷ ಅಕ್ಷರಗಳ ಜೊತೆಗೇ ಬದುಕಿದವಳು ಈ ಪ್ರಶ್ನೆಯನ್ನು ಕೇಳಿಕೊಂಡಿರಲೇ ಇಲ್ಲ, ಕೇಳಿಕೊಳ್ಳುವ ಅಗತ್ಯವೂ ಬಿದ್ದಿರಲಿಲ್ಲ. ಒಂದು ಸಣ್ಣ ಖುಷಿಯನ್ನೂ ಹೇಳಿಬಿಡುತ್ತೇನೆ: ಇಷ್ಟು ಸಣ್ಣ ಸಣ್ಣ ನಿಯಮಗಳಲ್ಲಿ ಭಾಷೆಯನ್ನು ಹಿಡಿಯುವ ಕೆಲಸ ಪಾಣಿನಿಯದ್ದು. ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣವನ್ನು ಬರೆಯುವ ಬ್ಯಾಕಸ್ ಕ್ರಮಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಇಂಗರ್‌ಮನ್ ಎಂಬವರು ಸೂಚಿಸಿದ್ದರು. ನನ್ನಂಥವರಿಗೆ ಈ ತರಗತಿಯಲ್ಲಿ ಅಷ್ಟು ಜಾಗವಾದರೂ ಇದೆ.

ಅಕ್ಷರದ ಕಾಟ ಅಲ್ಲಿಗೆ ಮುಗಿಯಲಿಲ್ಲ. ಎರಡು ವಾರ ಕಳೆದು ಬೈನರಿ ಸರ್ಚ್ ಬಂತು.

ಇದು ನಿಘಂಟು ನೋಡುವವರಿಗೆಲ್ಲ ಗೊತ್ತಿರುವ ವಿದ್ಯೆ. ನಡುವಿನ ಪುಟ ತೆರೆ, ಬೇಕಾದ ಪದ ಅದಕ್ಕಿಂತ ಮುಂದಿದ್ದರೆ ಎಡ ಅರ್ಧವನ್ನು ಮರೆ, ಹಿಂದಿದ್ದರೆ ಬಲ ಅರ್ಧವನ್ನು ಮರೆ. ಪ್ರತಿ ಸಲ ಅರ್ಧ ಹೋಗುವುದರಿಂದ ಸಾವಿರ ಪದಗಳಲ್ಲಿ ಹತ್ತು ಸಲ ನೋಡಿದರೆ ಸಾಕು, ಹತ್ತು ಲಕ್ಷಕ್ಕೆ ಇಪ್ಪತ್ತು ಸಲ. ಪಟ್ಟಿ ಸಾವಿರ ಪಟ್ಟು ಬೆಳೆದರೆ ಕೆಲಸ ಹತ್ತು ಹೆಜ್ಜೆಯಷ್ಟು ಮಾತ್ರ ಬೆಳೆಯುತ್ತದೆ. ಇದನ್ನು ಕೇಳಿದಾಗ ಆದ ರೋಮಾಂಚನವನ್ನು ಮರೆಮಾಚುವುದಿಲ್ಲ. ಕೋರ್ಸಿನುದ್ದಕ್ಕೂ ಬರುವ 'ಎಷ್ಟು ಹೊತ್ತು ಹಿಡಿಯುತ್ತದೆ' ಎಂಬ ಚರ್ಚೆಯ ರುಚಿ ನನಗೆ ಹತ್ತಿದ್ದು ಅಲ್ಲೇ.

ಬರೆಯಲು ಕುಳಿತೆ. ಹುಡುಕುವ ಜಾಗದ ಎರಡು ತುದಿಗಳಿಗೆ 'ಎಡ', 'ಬಲ' ಎಂದು ಹೆಸರಿಟ್ಟೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ 'ನಡು'. ಬೇಕಾದ ಪದ ನಡುವಿನದಕ್ಕಿಂತ ದೊಡ್ಡದಾದರೆ, ಎಡ ಈಗ ನಡುವಿಗೆ ಬರಲಿ. ಕನ್ನಡದಲ್ಲಿ ಓದಿ ನೋಡಿ, ಎಷ್ಟು ಸರಿಯಾಗಿ ಕೇಳಿಸುತ್ತದೆ! ಓಡಿಸಿದೆ. ಪರದೆ ಸುಮ್ಮನಾಯಿತು. ಯೋಚಿಸುತ್ತಿದೆ ಎಂದುಕೊಂಡೆ. ನೀರು ಕುಡಿದು ಬಂದೆ, ಇನ್ನೂ ಯೋಚಿಸುತ್ತಿತ್ತು.

ಕಾಗದದ ಮೇಲೆ ಕೈಯಿಂದ ಓಡಿಸಿ ನೋಡಿದಾಗ ಸಿಕ್ಕಿತು. ಕೊನೆಗೆ ಎರಡೇ ಪದ ಉಳಿದಿವೆ ಎಂದುಕೊಳ್ಳಿ. ಎಡ 6, ಬಲ 7. ಕೂಡಿದರೆ 13, ಅರ್ಧ ಮಾಡಿ ಭಿನ್ನಾಂಶ ಬಿಟ್ಟರೆ 6. ನಡು 6. ನಮ್ಮ ಪದ ಅದಕ್ಕಿಂತ ದೊಡ್ಡದು, ಆದ್ದರಿಂದ ಎಡವನ್ನು ನಡುವಿಗೆ ತಾ. ಎಡ ಮತ್ತೆ 6. ಬಲ 7. ನಡು 6. ಗಾಣದ ಎತ್ತು. ನೋಡಿಯಾದ ಪದವನ್ನು ಮತ್ತೆ ಗುಂಪಿನೊಳಗೇ ಇಟ್ಟುಕೊಂಡಿದ್ದೆ. ಎಡ ಬರಬೇಕಾದದ್ದು ನಡುವಿಗಲ್ಲ, ನಡುವಿನ ಮುಂದಿನ ಮನೆಗೆ. ಒಂದು 'ಕೂಡು ಒಂದು' ಬಿಟ್ಟುಹೋಗಿತ್ತು.

ಕೋಪ ಬಂದು ಮೇಡಂ ಅವರನ್ನು ಕೇಳಿದೆ: ಇದು ಎಂದೂ ನಿಲ್ಲುವುದಿಲ್ಲ ಎಂದು ಯಂತ್ರವೇ ಮೊದಲು ನೋಡಿ ಹೇಳಬಾರದೇ? ಅವರು ನಕ್ಕು, 1936ರಲ್ಲಿ ಅಲನ್ ಟ್ಯೂರಿಂಗ್ ಬರೆದ ಪ್ರಬಂಧದಿಂದ ಬೆಳೆದ ವಾದವನ್ನು ಹೇಳಿದರು. ಯಾವುದೇ ಪ್ರೋಗ್ರಾಂ ನಿಲ್ಲುತ್ತದೆಯೋ ಇಲ್ಲವೋ ಎಂದು ತಪ್ಪದೆ ಹೇಳುವ ಪರೀಕ್ಷಕನೊಬ್ಬ ಇದ್ದಾನೆ ಎಂದುಕೋ. ನಾನೊಂದು ತಂಟೆಕೋರ ಪ್ರೋಗ್ರಾಂ ಬರೆಯುತ್ತೇನೆ. ಅದು ತನ್ನ ಬಗ್ಗೆಯೇ ಪರೀಕ್ಷಕನನ್ನು ಕೇಳುತ್ತದೆ. 'ನೀನು ನಿಲ್ಲುತ್ತೀಯೆ' ಎಂದರೆ ಕೊನೆಯಿಲ್ಲದೆ ಸುತ್ತುತ್ತದೆ. 'ನಿಲ್ಲುವುದಿಲ್ಲ' ಎಂದರೆ ತಕ್ಷಣ ನಿಲ್ಲುತ್ತದೆ. ಪರೀಕ್ಷಕ ಏನು ಹೇಳಿದರೂ ಸುಳ್ಳಾಗುತ್ತದೆ, ಆದ್ದರಿಂದ ಅಂಥ ಪರೀಕ್ಷಕ ಇರಲಾರ. ಕೆಲವು ಪ್ರೋಗ್ರಾಂಗಳ ಬಗ್ಗೆ ಹೇಳಬಹುದು, ಎಲ್ಲದರ ಬಗ್ಗೆ ಆಗದು. ನನ್ನ ಒಂದು ಬಿಟ್ಟುಹೋದ 'ಕೂಡು ಒಂದು' ನನ್ನನ್ನು ಇಷ್ಟು ದೂರ ತಂದು ಬಿಟ್ಟಿತು.

ಬೇರೆಯವರೂ ನಡುವಿನಲ್ಲಿ ಎಡವಿದ್ದಾರೆ ಎಂಬುದು ನನಗೆ ದೊಡ್ಡ ಸಮಾಧಾನ. ಜಾವಾ ಭಾಷೆಯ ಗ್ರಂಥಾಲಯದಲ್ಲಿ, ಅಂದರೆ ಎಲ್ಲರೂ ಬಳಸಲೆಂದು ಮೊದಲೇ ಬರೆದಿಟ್ಟ ಪ್ರೋಗ್ರಾಂಗಳ ಸಂಗ್ರಹದಲ್ಲಿ, ಇದೇ ಬೈನರಿ ಸರ್ಚ್ ಬರೆದವರು ಜೋಶುವಾ ಬ್ಲಾಕ್. ಅದರಲ್ಲಿ ಸುಮಾರು ಒಂಬತ್ತು ವರ್ಷ ಒಂದು ತಪ್ಪು ಅಡಗಿ ಕುಳಿತಿತ್ತು ಎಂದು 2006ರಲ್ಲಿ ಅವರೇ ಬರೆದರು. ತಪ್ಪು ಎಲ್ಲಿ? ಎಡ, ಬಲ ಕೂಡಿ ಅರ್ಧ ಮಾಡುವ ಸಾಲಿನಲ್ಲಿ. ಜಾವಾದಲ್ಲಿ ಸಾಮಾನ್ಯ ಪೂರ್ಣಾಂಕ ಹಿಡಿಸುವುದು 2,14,74,83,647ರವರೆಗೆ. ಪಟ್ಟಿ ತೀರಾ ದೊಡ್ಡದಿದ್ದರೆ ಎಡ ಮತ್ತು ಬಲದ ಮೊತ್ತ ಇದನ್ನು ಮೀರಿ, ಸುತ್ತಿಕೊಂಡು ಋಣಸಂಖ್ಯೆ ಆಗಿಬಿಡುತ್ತದೆ. ಅಷ್ಟು ದೊಡ್ಡ ಪಟ್ಟಿಗಳು ಬಳಕೆಗೆ ಬರುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಎರಡು ಸಂಖ್ಯೆಗಳ ಸರಾಸರಿ, ನೋಡಿ! ಪೈಥಾನ್‌ನಲ್ಲಿ ಪೂರ್ಣಾಂಕ ಎಷ್ಟು ಬೇಕಾದರೂ ಬೆಳೆಯುವುದರಿಂದ ನಾವು ಈ ಹೊಂಡದಿಂದ ಪಾರು.

ನಾನು ಮಾತ್ರ ಬೇರೊಂದು ಹೊಂಡಕ್ಕೆ ಬಿದ್ದೆ. ಲೂಪ್ (ಮತ್ತೆ ಮತ್ತೆ ಸುತ್ತುವ ಭಾಗ) ಸರಿಯಾಯಿತು, ನಿಘಂಟಿನಿಂದ ನೋಡಿ ಬರೆದುಕೊಂಡ ಪದಗಳನ್ನು ಅದೇ ಕ್ರಮದಲ್ಲಿ ಕೊಟ್ಟೆ: ಬಲ, ಬವಣೆ, ಬಹಳ, ಬಳಿ, ಬಳ್ಳಿ. 'ಬಳಿ' ಎಲ್ಲಿದೆ ಎಂದು ಕೇಳಿದರೆ, ಇಲ್ಲ ಎಂದಿತು. ಕಣ್ಣೆದುರಿಗೇ ಇದೆ, ನಾಲ್ಕನೆಯದು! ಕಾರಣ ಹೇಳುತ್ತೇನೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹಕಾರದ ಆಮೇಲೆ, ಕಟ್ಟಕಡೆಗೆ. ಯೂನಿಕೋಡ್‌ನಲ್ಲಿ ಳಕಾರಕ್ಕೆ ಕೊಟ್ಟಿರುವ ಮನೆ ಲಕಾರದ ಪಕ್ಕದಲ್ಲಿ, 3251. ಹಕಾರಕ್ಕೆ 3257. ನಡುವಿನ ಪದ 'ಬಹಳ'ದ ಜೊತೆ ಹೋಲಿಸಿದಾಗ ಯಂತ್ರದ ಲೆಕ್ಕದಲ್ಲಿ 'ಬಳಿ' ಚಿಕ್ಕದು, ಆದ್ದರಿಂದ ಎಡಕ್ಕೆ ಹೋಯಿತು, ಅಲ್ಲಿ ಬಲ, ಬವಣೆ ಎರಡನ್ನೂ ನೋಡಿ ಕೈ ಚೆಲ್ಲಿತು. ಲೂಪಿನಲ್ಲಿ ತಪ್ಪಿರಲಿಲ್ಲ, ಪಟ್ಟಿಯಲ್ಲೂ ತಪ್ಪಿರಲಿಲ್ಲ. ನನ್ನ ಅಕಾರಾದಿಯೂ ಯಂತ್ರದ ಅಕಾರಾದಿಯೂ ಬೇರೆ ಬೇರೆಯಾಗಿದ್ದವು, ಮತ್ತು ನಾನು 'ಕ್ರಮವಾಗಿ ಜೋಡಿಸಿದ ಪಟ್ಟಿ' ಎಂದಾಗ ಯಾರ ಕ್ರಮ ಎಂದು ಹೇಳಿರಲಿಲ್ಲ.

ಹತ್ತನೇ ಒಂದು ಭಾಗದ ಬಗ್ಗೆ. ಸೊನ್ನೆಯಿಂದ ಹೊರಟು 0.1, 0.1 ಕೂಡುತ್ತಾ ಹೋಗು, 1 ಆದಾಗ ನಿಲ್ಲು ಎಂದು ಬರೆದರೆ ಪೈಥಾನ್ ನಿಲ್ಲುವುದಿಲ್ಲ. ಹತ್ತು ಸಲ ಕೂಡಿದ ಮೇಲೆ ಬರುವುದು 0.9999999999999999. ಒಂದರ ಮೂರನೇ ಭಾಗವನ್ನು ದಶಮಾಂಶದಲ್ಲಿ ಬರೆಯಲು ಹೋದರೆ 3, 3, 3 ಎಂದು ಮುಗಿಯುವುದೇ ಇಲ್ಲವಲ್ಲ, ಹಾಗೆ ಸೊನ್ನೆ ಒಂದುಗಳಲ್ಲಿ ಬರೆಯಲು ಹೋದರೆ ಹತ್ತನೇ ಒಂದು ಭಾಗವೂ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಬೇಕು. ಇದನ್ನು ನಾನು ತಮಾಷೆಯ ಸಂಗತಿಯೆಂದು ಮನೆಯಲ್ಲಿ ಹೇಳಿಕೊಂಡು ತಿರುಗಿದೆ. ಮುಂದಿನ ತರಗತಿಯಲ್ಲಿ ಮೇಡಂ, ಶತ್ರುವಿನ ಕ್ಷಿಪಣಿಗಳನ್ನು ದಾರಿಯಲ್ಲೇ ಹೊಡೆಯುವ ಅಮೆರಿಕದ ಪೇಟ್ರಿಯಟ್ ಕ್ಷಿಪಣಿಯ ವಿಷಯ ಹೇಳಿದರು. ಆ ವ್ಯವಸ್ಥೆಯ ಗಡಿಯಾರ ಸಮಯವನ್ನು ಸೆಕೆಂಡಿನ ಹತ್ತನೇ ಭಾಗಗಳಲ್ಲಿ ಎಣಿಸುತ್ತಿತ್ತು, ಆ ಹತ್ತನೇ ಭಾಗವನ್ನು 24 ಸೊನ್ನೆ ಒಂದುಗಳಿಗೆ, ಅಂದರೆ 24 ಬಿಟ್‌ಗಳಿಗೆ ಕತ್ತರಿಸಿ ಇಟ್ಟಿದ್ದರು. ಸುಮಾರು 100 ಗಂಟೆ ನಿಲ್ಲಿಸದೆ ಓಡಿಸಿದಾಗ ಕತ್ತರಿಸಿದ ಚೂರುಗಳೆಲ್ಲ ಸೇರಿ ಸುಮಾರು 0.34 ಸೆಕೆಂಡ್ ಆಯಿತು. ಎದುರಿಂದ ಬರುವ ಕ್ಷಿಪಣಿ ಅಷ್ಟರಲ್ಲಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಇರಾಕ್ ಹಾರಿಸಿದ ಸ್ಕಡ್ ಕ್ಷಿಪಣಿಯನ್ನು ಅದು ತಡೆಯಲಿಲ್ಲ, 28 ಅಮೆರಿಕನ್ ಸೈನಿಕರು ಸತ್ತರು. ಆ ದಿನ ತರಗತಿಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ.

ಇಷ್ಟು ಹೊತ್ತು ಬಿದ್ದದ್ದನ್ನೇ ಹೇಳಿದೆ. ಒಂದು ಕಡೆ ಮಾತ್ರ ನಾನು ಎಲ್ಲರಿಗಿಂತ ಮೊದಲು ಎದ್ದು ನಿಂತೆ. ರಿಕರ್ಶನ್. ಒಂದು ಫಂಕ್ಷನ್, ಅಂದರೆ ಹೆಸರಿಟ್ಟು ಬೇಕಾದಾಗ ಕರೆಯುವ ಪ್ರೋಗ್ರಾಂ ತುಂಡು, ತನ್ನನ್ನೇ ಕರೆದುಕೊಳ್ಳುವುದು. ತರಗತಿಯಲ್ಲಿ ಅರ್ಧದಷ್ಟು ಮಂದಿ ಮುಖ ಸಪ್ಪೆ ಮಾಡಿಕೊಂಡಿದ್ದರು. ಮೇಡಂ ಉದಾಹರಣೆಗೆ ಫಿಬೊನಾಚಿ ಸಂಖ್ಯೆಗಳನ್ನು ಬರೆದರು: 1, 2, 3, 5, 8. ನನಗೆ ಅದು ಛಂದಸ್ಸಿನ ತರಗತಿಯಂತೆ ಕಂಡಿತು. ಮೂರು ಮಾತ್ರೆಯ ಗಣಕ್ಕೆ ಮೂರು ರೂಪ, ನಾಲ್ಕು ಮಾತ್ರೆಗೆ ಐದು, ಐದು ಮಾತ್ರೆಗೆ ಎಂಟು. ಇದನ್ನು ನಾವು ಪ್ರಸ್ತಾರ ಹಾಕಿ ಬಾಯಿಪಾಠ ಮಾಡಿದ್ದೇವೆ, ಏಕೆ ಹಾಗೆ ಎಂದು ಕೇಳಿದ್ದಿಲ್ಲ. ಈಗ ನೋಡಿ. ಐದು ಮಾತ್ರೆಯ ಗಣ ಒಂದೋ ಲಘುವಿನಿಂದ ಮುಗಿಯಬೇಕು, ಇಲ್ಲವೇ ಗುರುವಿನಿಂದ. ಕೊನೆಯ ಲಘುವನ್ನು ತೆಗೆದರೆ ಉಳಿಯುವುದು ನಾಲ್ಕು ಮಾತ್ರೆಯ ಗಣ, ಗುರುವನ್ನು ತೆಗೆದರೆ ಮೂರು ಮಾತ್ರೆಯದ್ದು. ಹಾಗಾಗಿ ಐದು ಕೂಡು ಮೂರು, ಎಂಟು. ದೊಡ್ಡದನ್ನು ಕೇಳಿದರೆ ಅದರ ಹಿಂದಿನ ಎರಡನ್ನು ಕೇಳು; ಒಂದು, ಎರಡು ಮಾತ್ರೆಗೆ ಬಂದಾಗ ನಿಲ್ಲು, ಉತ್ತರ ಅಲ್ಲಿ ಗೊತ್ತೇ ಇದೆ. ರಿಕರ್ಶನ್ ಎಂದರೆ ಇಷ್ಟೇ. ಇಟಲಿಯ ಫಿಬೊನಾಚಿ 1202ರಲ್ಲಿ ಬರೆಯುವ ಮುಂಚೆಯೇ ನಮ್ಮ ಛಂದಸ್ಸಿನ ಪಂಡಿತರಾದ ವಿರಹಾಂಕ, ಹೇಮಚಂದ್ರರು ಮಾತ್ರೆಗಳನ್ನು ಎಣಿಸುತ್ತಾ ಈ ಸಂಖ್ಯೆಗಳಿಗೆ ಬಂದಿದ್ದರು. ಅದನ್ನು ತರಗತಿಯಲ್ಲಿ ಎದ್ದು ನಿಂತು ಹೇಳಿದೆ, ಸ್ವಲ್ಪ ಜೋರಾಗಿಯೇ.

ಜಂಬ ಹೆಚ್ಚು ಹೊತ್ತು ಉಳಿಯಲಿಲ್ಲ. "ಹಾಗಾದರೆ 40 ಮಾತ್ರೆಗೆ ಎಷ್ಟು ರೂಪ ಎಂದು ಓಡಿಸಿ ನೋಡು" ಎಂದರು. ಉತ್ತರ 16,55,80,141. ಬರಲು ಎಷ್ಟು ಹೊತ್ತಾಯಿತೆಂದರೆ ಮೇಡಂ ಅಷ್ಟರಲ್ಲಿ ಹಾಜರಿ ಕರೆದು ಮುಗಿಸಿದರು. ಒಳಗೆ ಆಗುತ್ತಿದ್ದದ್ದು ಇದು: 40ಕ್ಕೆ 39 ಮತ್ತು 38 ಬೇಕು, 39ಕ್ಕೆ ಮತ್ತೆ 38 ಬೇಕು, ಒಮ್ಮೆ ಕಂಡುಹಿಡಿದ 38ನ್ನು ಮರೆತು ಮತ್ತೆ ಮೊದಲಿನಿಂದ. ಕೆಳಕ್ಕೆ ಇಳಿದಂತೆಲ್ಲ ಇದೇ ಮರೆವು ಗುಣಿಸುತ್ತಾ ಹೋಗಿ ಒಟ್ಟು ಕರೆಗಳು 20 ಕೋಟಿ ದಾಟಿದವು. ಒಮ್ಮೆ ಸಿಕ್ಕ ಉತ್ತರವನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡರೆ 38 ಸಲ ಕೂಡಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಪ್ರಸ್ತಾರ ಹಾಕುವ ಯಾರೂ ನಾಲ್ಕು ಮಾತ್ರೆಯ ಲೆಕ್ಕವನ್ನು ಎರಡು ಸಲ ಮಾಡುವುದಿಲ್ಲ, ಮೇಲೆ ಬರೆದಿರುವುದನ್ನು ನೋಡುತ್ತಾರೆ. ಅದನ್ನು ಹೇಳಲು ನನಗೆ ಮರೆತಿತ್ತು.

ಇನ್ನೊಂದು ವಿಷಯ ಹೇಳದೆ ಇಳಿದರೆ ಮೋಸವಾಗುತ್ತದೆ. ಒಂಬತ್ತನೇ ವಾರ ಬೇರೆ ಪರೀಕ್ಷೆಗಳ ಒತ್ತಡದಲ್ಲಿ ಒಂದು ಅಸೈನ್‌ಮೆಂಟನ್ನು ಎಐ ಸಾಧನದಿಂದ ಬರೆಸಿ ಕೊಟ್ಟೆ. ವಿಂಗಡಣೆಯ ಪ್ರೋಗ್ರಾಂ. ನಾನು ಬರೆಯಬಹುದಾಗಿದ್ದಕ್ಕಿಂತ ಅಚ್ಚುಕಟ್ಟಾಗಿತ್ತು, ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು. ವೈವಾದಲ್ಲಿ ಒಂದೇ ಪ್ರಶ್ನೆ ಕೇಳಿದರು: "ಖಾಲಿ ಪಟ್ಟಿ ಕೊಟ್ಟರೆ ಯಾವ ಸಾಲಿನಿಂದ ಹಿಂತಿರುಗುತ್ತದೆ?" ಪರದೆ ನೋಡಿದೆ. ಯಾರೋ ಬರೆದ ಪತ್ರವನ್ನು ನನ್ನದೆಂದು ಓದಲು ಹೊರಟ ಹಾಗಾಯಿತು. ಅಂಕ ಹೋದದ್ದಕ್ಕೆ ಅಷ್ಟು ಬೇಸರವಿಲ್ಲ. ಆ ಒಂದು ವಾರದ್ದು ಯಾವ ತಪ್ಪೂ ನನ್ನ ಬಳಿ ಇಲ್ಲ. ಉಳಿದ ವಾರಗಳ ತಪ್ಪುಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ, ವಿಂಗಡಣೆಯನ್ನು ಮಾತ್ರ ಪರೀಕ್ಷೆಗೆ ಮುಂಚೆ ಹೊಸದಾಗಿ ಕಲಿಯಬೇಕಾಯಿತು. ಆ ಸಾಧನಗಳನ್ನು ಮುಟ್ಟಬೇಡಿ ಎಂದು ಹೇಳುವಷ್ಟು ದೊಡ್ಡವಳು ನಾನಲ್ಲ. ಈಗಲೂ ಬಳಸುತ್ತೇನೆ, ನಾನು ಬರೆದದ್ದು ಎಲ್ಲಿ ಮುರಿಯಬಹುದು ಎಂದು ಕೇಳಲು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಗಣಿತ ಚೆನ್ನಾಗಿ ಬರಬೇಕೇ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದಾಗ, ಈ ಹಂತಕ್ಕೆ ಕೂಡಿಸಿ ಕಳೆಯಲು ಬಂದರೆ ಸಾಕು, ಆದರೆ ಬರುತ್ತದೆ ಎಂದು ಬಹಳ ನಂಬಬೇಡಿ ಎಂದೆ. ದಿನಕ್ಕೆ ಎಷ್ಟು ಹೊತ್ತು ಓದಬೇಕು ಎಂಬುದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಕೈಯಲ್ಲಿ ಕಾಗದ, ಪೆನ್ನು ಇಟ್ಟುಕೊಳ್ಳಿ ಎಂದಷ್ಟೇ ಹೇಳಿದೆ.

ಕೊನೆಯ ಪ್ರಶ್ನೆ ಮೊದಲ ಸಾಲಿನ ಹುಡುಗಿಯದ್ದು. "ಅಕ್ಕಾ, ಆ ಹದಿನಾಲ್ಕು ಸಾಲಿನ ಪ್ರೋಗ್ರಾಂ ಈಗ ಎಲ್ಲ ಕನ್ನಡ ಪದಗಳಿಗೂ ಸರಿಯಾಗಿದೆಯೇ?" ಲ್ಯಾಪ್‌ಟಾಪ್ ಅಲ್ಲೇ ಇತ್ತು, ನೀನೇ ಒಂದು ಪದ ಕೊಡು ಎಂದೆ. ಅವಳು 'ರ‍್ಯಾಂಕ್' ಎಂದಳು. ನಮಗೆ ಕಾಣುವುದು ಎರಡು ಅಕ್ಷರ: ರ‍್ಯಾಂ, ಕ್. ಪ್ರೋಗ್ರಾಂ ಮೂರು ಎಂದಿತು. ರಕಾರ ಅರ್ಕಾವತ್ತಾಗದೆ ಪೂರ್ತಿಯಾಗಿ ನಿಲ್ಲಲಿ ಎಂದು ಅದರ ಪಕ್ಕದಲ್ಲಿ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಜೋಡಿಸುವ ಚಿಹ್ನೆ ಸೇರಿಸಿರುತ್ತಾರೆ. ನನ್ನ ಯಾವ ನಿಯಮದಲ್ಲೂ ಅದರ ಹೆಸರಿರಲಿಲ್ಲ, ಆದ್ದರಿಂದ ಪ್ರೋಗ್ರಾಂ ಅದನ್ನೂ ಒಂದು ಹೊಸ ಅಕ್ಷರದ ಆರಂಭ ಎಂದು ಎಣಿಸಿತು. ಅದರ ಸೋದರ ಇನ್ನೊಂದಿದೆ, ಬೇರ್ಪಡಿಸುವುದು. 'ಪೈಥಾನ್‌ನಲ್ಲಿ' ಎಂದು ಬರೆಯುವಾಗ ಎರಡು ನಕಾರಗಳು ಒತ್ತಾಗದಂತೆ ತಡೆಯುವುದು ಅದೇ. ಜೋಡಿಸುವುದನ್ನು ಹಿಂದಿನದಕ್ಕೆ ಅಂಟಿಸಬೇಕು, ಬೇರ್ಪಡಿಸುವುದು ಬಂದಲ್ಲಿ ಮುಂದಿನ ವ್ಯಂಜನವನ್ನು ಅಂಟಿಸಬಾರದು.

ಆ ಹುಡುಗಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. ಸಭಾಂಗಣದ ದೀಪ ಆರಿಸಲು ಬಂದವರು ಎರಡು ಸಲ ಕೆಮ್ಮಿದರು. ಪ್ರೋಗ್ರಾಂ ಈಗ ಹದಿನೇಳು ಸಾಲು.